ಪ್ರಕೃತಿ ವಿಕೋಪ, ಗಾಯಾಳುಗಳ ಚಿಕಿತ್ಸೆ ಮತ್ತು ವಾಣಿಜ್ಯ ಸಮುದಾಯದ ಹೊಣೆ

2019ರ ನವೆಂಬರ್ 24ರ ಭಾನುವಾರ ದಕ್ಷಿಣ ಬೆಂಗಳೂರಿನ ಹುಳಿಮಾವು ಕೆರೆಯ ಏರಿ ಒಡೆಯಿತು. ಅಂದು ಕುಂಭದ್ರೋಣ ಮಳೆಯೇನೂ ಸುರಿದಿರಲಿಲ್ಲ. ಆದರೂ ಕೆಲವೇ ಗಂಟೆಗಳಲ್ಲಿ ಕೆರೆಯ ನೀರು ಸುತ್ತಲಿನ ಬಡಾವಣೆಗಳಿಗೆ ನುಗ್ಗಿ ನೂರಾರು ಮನೆಗಳನ್ನು ಆವರಿಸಿತು. ಆ ಪ್ರದೇಶದ ಒಂದು ಖಾಸಗಿ ಆಸ್ಪತ್ರೆಗೂ ನೀರು ಹರಿದು, ಒಳರೋಗಿಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ಗಾಯಾಳುಗಳನ್ನು ಸ್ವೀಕರಿಸಬೇಕಾದ ಸಂಸ್ಥೆಯೇ ಆ ಹೊತ್ತಿನಲ್ಲಿ ರಕ್ಷಣೆ ಬೇಡುವ ಸ್ಥಿತಿಗೆ ಬಂದಿತು.

ಹುಳಿಮಾವಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿರುವ ಕುಮಾರಸ್ವಾಮಿ ಲೇಔಟ್‌ನ ವರ್ತಕರಿಗೂ ನಿವಾಸಿಗಳಿಗೂ ಅಂದಿನ ಘಟನೆ ದೂರದ ಸುದ್ದಿಯಂತೆಯೇ ಕಂಡಿರಬಹುದು. ಶಾವಿಗೆ ಮಲ್ಲೇಶ್ವರ ಬೆಟ್ಟದ ಏರಿನಲ್ಲಿ ಹಬ್ಬಿರುವ ಈ ಬಡಾವಣೆಯಲ್ಲಿ ಮಳೆಯ ನೀರು ಬಹುಮಟ್ಟಿಗೆ ಇಳಿಜಾರು ಹಿಡಿದು ಹರಿದುಹೋಗುತ್ತದೆ. ಬೆಂಗಳೂರು ನಗರವು ಭಾರತೀಯ ಮಾನಕದ 2016ರ ಭೂಕಂಪ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ಎರಡನೇ ವಲಯಕ್ಕೆ ಸೇರಿತ್ತು. ಹೀಗಿರುವಾಗ ಪ್ರಕೃತಿ ವಿಕೋಪದ ಚಿಂತೆ ಇಲ್ಲಿನವರಿಗೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಉತ್ತರವೂ ಆ ಎತ್ತರದಲ್ಲಿಯೇ ಅಡಗಿದೆ. ತಗ್ಗು ಮುಳುಗಿದಾಗ ಜನರು ಏರಿನತ್ತ ಬರುತ್ತಾರೆ. ಗಾಯಾಳುಗಳೂ ಅಲ್ಲಿಗೇ ಬರುತ್ತಾರೆ. ಅವರು ಬಂದಾಗ ಏರಿನ ಮೇಲಿರುವವರು ಸಿದ್ಧರಾಗಿರುವರೇ ಎಂಬುದೇ ಇಲ್ಲಿ ವಿಚಾರಿಸಬೇಕಾದ ವಿಷಯ.

ಒಂದು ಅಪಘಾತಕ್ಕೆ ಕಟ್ಟಿದ ವ್ಯವಸ್ಥೆ

ಕರ್ನಾಟಕದ ಗಾಯಾಳು ಚಿಕಿತ್ಸಾ ವ್ಯವಸ್ಥೆಯು ಕಳೆದ ಎರಡು ದಶಕಗಳಲ್ಲಿ ಗಣನೀಯವಾಗಿ ಬೆಳೆದಿದೆ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. 2008ರ ನವೆಂಬರ್ 1ರಂದು ಆರಂಭವಾದ ‘ಆರೋಗ್ಯ ಕವಚ 108’ ಸೇವೆಯು ಹಳ್ಳಿಯ ರಸ್ತೆಯಂಚಿಗೂ ಆಂಬುಲೆನ್ಸ್ ತಲುಪುವಂತೆ ಮಾಡಿತು. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಮೊದಲ 48 ಗಂಟೆಗಳ ಚಿಕಿತ್ಸೆಯ ವೆಚ್ಚವನ್ನು ರೂ. 25,000ದವರೆಗೆ ಭರಿಸುವ ಸಾಂತ್ವನ–ಹರೀಶ್ ಯೋಜನೆ 2016ರಲ್ಲಿ ಬಂದಿತು. ಗಾಯಾಳುವಿಗೆ ನೆರವಾದವರನ್ನು ಕಾನೂನಿನ ಕಿರುಕುಳದಿಂದ ಕಾಪಾಡುವ ಶಾಸನವನ್ನು ದೇಶದಲ್ಲಿಯೇ ಮೊದಲಿಗೆ ರೂಪಿಸಿದ ಕೀರ್ತಿ ಈ ರಾಜ್ಯದ್ದು. 2016ರಲ್ಲಿ ಅಂಗೀಕೃತವಾದ ಆ ಮಸೂದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ, ರೂ. 1.5 ಲಕ್ಷದ ಮಿತಿಯೊಳಗೆ ನಗದುರಹಿತ ಚಿಕಿತ್ಸೆ ನೀಡುವ ಯೋಜನೆಯನ್ನು ಅಧಿಸೂಚಿಸಿತು.

ಇವೆಲ್ಲವೂ ಸ್ವಾಗತಾರ್ಹ. ಆದರೆ ಇವುಗಳ ಹಿಂದಿರುವ ಚಿತ್ರವೊಂದೇ: ಒಂದು ರಸ್ತೆ, ಒಂದು ಅಪಘಾತ, ಒಬ್ಬ ಗಾಯಾಳು, ಒಂದು ಆಂಬುಲೆನ್ಸ್, ಒಂದು ಹಾಸಿಗೆ. ರಸ್ತೆ ತೆರೆದಿದೆ, ದೂರವಾಣಿ ಕೆಲಸ ಮಾಡುತ್ತಿದೆ, ಆಸ್ಪತ್ರೆಯಲ್ಲಿ ವಿದ್ಯುತ್ ಇದೆ ಎಂಬ ನಂಬಿಕೆಯ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಪ್ರಕೃತಿ ವಿಕೋಪವು ಮೊದಲು ಮುರಿಯುವುದು ಈ ನಂಬಿಕೆಯನ್ನೇ. 2022ರ ಸೆಪ್ಟೆಂಬರ್‌ನಲ್ಲಿ ಯಾವ ವಿಕೋಪವೂ ಇಲ್ಲದೆ, ಕೇವಲ ತಾಂತ್ರಿಕ ದೋಷದಿಂದ 108 ಕರೆ ಕೇಂದ್ರದ ಕಾರ್ಯ ಅಸ್ತವ್ಯಸ್ತವಾದುದನ್ನು ರಾಜ್ಯ ಕಂಡಿದೆ. ಒಂದೇ ರಾತ್ರಿ ನೂರು ಕರೆಗಳು ಬಂದು, ಅದೇ ರಾತ್ರಿ ಹತ್ತು ರಸ್ತೆಗಳು ಮುಳುಗಿದರೆ ಆಗುವುದನ್ನು ಊಹಿಸುವುದು ಕಷ್ಟವಲ್ಲ.

ಹಣದ ವಿಷಯದಲ್ಲಿಯೂ ಇದೇ ಅಂತರ ಕಾಣುತ್ತದೆ. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡವನಿಗೆ ಲಕ್ಷ ರೂಪಾಯಿಗೂ ಮೀರಿದ ನಗದುರಹಿತ ಚಿಕಿತ್ಸೆಯ ಹಕ್ಕಿದೆ. ಮಳೆಗೆ ಕುಸಿದ ಗೋಡೆಯಡಿ ಸಿಕ್ಕಿ ಅದೇ ಕಾಲನ್ನು ಮುರಿದುಕೊಂಡವನಿಗೆ, 2022–23ರಿಂದ 2025–26ರ ಅವಧಿಗೆ ಕೇಂದ್ರ ನಿಗದಿಪಡಿಸಿದ ವಿಪತ್ತು ಪರಿಹಾರದ ಮಾನದಂಡದಂತೆ, ಒಂದು ವಾರಕ್ಕೂ ಹೆಚ್ಚು ಕಾಲ ಆಸ್ಪತ್ರೆಯಲ್ಲಿದ್ದರೆ ರೂ. 16,000, ಅದಕ್ಕಿಂತ ಕಡಿಮೆಯಾದರೆ ರೂ. 5,400. ಬಡತನದ ಪಡಿತರ ಚೀಟಿಯುಳ್ಳವನಿಗೆ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದ ಆಸರೆ ದೊರೆಯಬಹುದು. ವಿಮೆಯುಳ್ಳವನಿಗೆ ವಿಮೆ ಇದೆ. ಇವೆರಡರ ನಡುವೆ ಉಳಿಯುವ ಸಣ್ಣ ಅಂಗಡಿಯವನು, ಗ್ಯಾರೇಜಿನ ಹುಡುಗ, ಹೊರರಾಜ್ಯದ ಕಟ್ಟಡ ಕಾರ್ಮಿಕ ಇವರ ಪಾಡೇನು? ಮೂಳೆ ಒಂದೇ, ಮುರಿತ ಒಂದೇ. ಮುರಿದ ಕಾರಣ ಬೇರೆಯಾದ ಮಾತ್ರಕ್ಕೆ ಚಿಕಿತ್ಸೆಯ ಬಾಗಿಲು ಬೇರೆಯಾಗುವುದು ನ್ಯಾಯವೆನಿಸದು.

ರಾಜ್ಯ ಕಂಡ ವಿಕೋಪಗಳ ಪಾಠ

ಕರ್ನಾಟಕಕ್ಕೆ ವಿಕೋಪ ಹೊಸದಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆಯ ಕಿಲ್ಲಾರಿಯಲ್ಲಿ ನಡೆದ ಭೂಕಂಪ ಸುಮಾರು ಹತ್ತು ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. ಬೀದರ, ಗುಲ್ಬರ್ಗಾ ಜಿಲ್ಲೆಗಳ ಜನ ಅಂದು ನಡುಗಿ ಮನೆಯಿಂದ ಹೊರಗೋಡಿದ್ದರು. 2009ರ ಸೆಪ್ಟೆಂಬರ್ ಅಂತ್ಯ ಮತ್ತು ಅಕ್ಟೋಬರ್ ಆರಂಭದ ನೆರೆಯಲ್ಲಿ ಉತ್ತರ ಕರ್ನಾಟಕ ಇನ್ನೂರಕ್ಕೂ ಹೆಚ್ಚು ಜೀವಗಳನ್ನು ಕಳೆದುಕೊಂಡಿತು. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ ಮುಂತಾದೆಡೆ ಗುಡ್ಡ ಕುಸಿದು ಮಡಿಕೇರಿ–ಮಂಗಳೂರು ಮಾರ್ಗವೇ ಕಡಿದುಹೋಯಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆಯೇ ಗುಡ್ಡ ಜಾರಿತು. ಅದೇ ತಿಂಗಳ 30ರಂದು ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಗ್ರಾಮಗಳು ಕೊಚ್ಚಿಹೋಗಿ ಇನ್ನೂರೈವತ್ತಕ್ಕೂ ಹೆಚ್ಚು ಜನ ಮಡಿದರು. ಅವರಲ್ಲಿ ತೋಟದ ಕೆಲಸಕ್ಕೆಂದು ಹೋಗಿ ನೆಲೆಸಿದ್ದ ಕನ್ನಡಿಗರೂ ಇದ್ದರು.

ಈ ಘಟನೆಗಳಲ್ಲಿ ಸಮಾನವಾಗಿ ಕಾಣುವ ಅಂಶವೊಂದಿದೆ. ಗಾಯಾಳುವಿಗೂ ಶಸ್ತ್ರಚಿಕಿತ್ಸಕನಿಗೂ ನಡುವಿನ ದೂರವು ಕಿಲೋಮೀಟರಿನಲ್ಲಿ ಹೆಚ್ಚಿರಲಿಲ್ಲ. ದಾರಿ ಇರಲಿಲ್ಲ ಅಷ್ಟೆ. ಚೂರಲ್‌ಮಲದ ಸೇತುವೆ ಕೊಚ್ಚಿಹೋದ ಮೇಲೆ ಹಗ್ಗದ ಆಸರೆಯಲ್ಲಿ ಹೊಳೆ ದಾಟಿಸಬೇಕಾಯಿತು. ಅಲ್ಲಿ 190 ಅಡಿ ಉದ್ದದ ಬೈಲಿ ಸೇತುವೆಯನ್ನು ಎರಡು ದಿನದೊಳಗೆ ನಿರ್ಮಿಸಿ, 2024ರ ಆಗಸ್ಟ್ 1ರಂದು ಸಂಚಾರಕ್ಕೆ ತೆರೆದವರು ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಯೋಧರು. ವಿಕೋಪದ ಮೊದಲ ದಿನಗಳಲ್ಲಿ ವೈದ್ಯನಷ್ಟೇ ಎಂಜಿನಿಯರ್ ಕೂಡ ಜೀವ ಉಳಿಸುತ್ತಾನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಎಂಜಿನಿಯರಿಂಗ್ ಉದ್ಯಮದಿಂದಲೇ ಬದುಕುವ ನಗರಕ್ಕೆ ಈ ಪಾಠ ವಿಶೇಷವಾಗಿ ಅನ್ವಯಿಸುತ್ತದೆ.

ಗುಜರಾತಿನ ಅನುಭವ ಇನ್ನೊಂದು ಮುಖವನ್ನು ತೋರಿಸುತ್ತದೆ. 2001ರ ಜನವರಿ 26ರ ಭೂಕಂಪದಲ್ಲಿ ಭುಜ್ ನಗರದ ಸರ್ಕಾರಿ ಆಸ್ಪತ್ರೆಯ ಕಟ್ಟಡವೇ ಕುಸಿಯಿತು. ಲಕ್ಷಕ್ಕೂ ಮೀರಿದ ಗಾಯಾಳುಗಳಿದ್ದ ಆ ದುರಂತದಲ್ಲಿ ಡೇರೆಗಳಲ್ಲಿಯೂ ಬಯಲಿನಲ್ಲಿಯೂ ಶಸ್ತ್ರಚಿಕಿತ್ಸೆ ನಡೆಯಿತು. ಮುಂದೆ ಕಟ್ಟಿದ ಹೊಸ ಆಸ್ಪತ್ರೆಯ ಅಡಿಪಾಯಕ್ಕೆ ಕಂಪನವನ್ನು ಹೀರಿಕೊಳ್ಳುವ ಬೇರಿಂಗುಗಳನ್ನು ಅಳವಡಿಸಲಾಯಿತು. 2015ರ ಡಿಸೆಂಬರ್‌ನ ಚೆನ್ನೈ ಪ್ರವಾಹದಲ್ಲಿ ಜನರೇಟರ್ ಕೊಠಡಿಗೆ ನೀರು ನುಗ್ಗಿದ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದ ರೋಗಿಗಳ ಸಾವಿನ ಸುದ್ದಿ ದೇಶವನ್ನೇ ಬೆಚ್ಚಿಬೀಳಿಸಿತು. ಊರು ಸೂರೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯಂತೆ, ಪಾಠ ಕಲಿಯುವುದಕ್ಕೆ ಪ್ರತಿ ಊರೂ ತನ್ನದೇ ಜನರನ್ನು ಕಳೆದುಕೊಳ್ಳಬೇಕೆಂಬ ನಿಯಮವೇನಿಲ್ಲ.

ಬೆಂಗಳೂರಿನ ಮಳೆ, ಬೆಂಗಳೂರಿನ ಗಾಯ

ರಾಜಧಾನಿಯಲ್ಲಿ ವಿಕೋಪವು ಗುಡ್ಡ ಕುಸಿದಂತೆ ಬರುವುದಿಲ್ಲ; ರಾಜಕಾಲುವೆಯ ಮೂಲಕ ಬರುತ್ತದೆ. 2020ರ ಅಕ್ಟೋಬರ್ 23ರಂದು ಹೊಸಕೆರೆಹಳ್ಳಿಯ ದತ್ತಾತ್ರೇಯ ನಗರದಲ್ಲಿ ಕಾಲುವೆ ಉಕ್ಕಿ ಮನೆಗಳಿಗೆ ನುಗ್ಗಿತು. 2022ರ ಸೆಪ್ಟೆಂಬರ್ ಆರಂಭದಲ್ಲಿ ಬೆಳ್ಳಂದೂರು, ಮಹದೇವಪುರ ಭಾಗಗಳಲ್ಲಿ ಟ್ರ್ಯಾಕ್ಟರು ಮತ್ತು ದೋಣಿಗಳಲ್ಲಿ ಜನರನ್ನು ಸಾಗಿಸಿದ ದೃಶ್ಯವನ್ನು ಜಗತ್ತೇ ನೋಡಿತು. 2024ರ ಅಕ್ಟೋಬರ್ 22ರಂದು ಮಳೆಯ ನಡುವೆ ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು ಒಂಬತ್ತು ಕಾರ್ಮಿಕರು ಮೃತಪಟ್ಟರು. 2025ರ ಮೇ 19ರಂದು ಬಿ.ಟಿ.ಎಂ. ಬಡಾವಣೆಯ ಅಪಾರ್ಟ್‌ಮೆಂಟೊಂದರ ನೆಲಮಾಳಿಗೆಯಿಂದ ಮಳೆನೀರು ಹೊರಹಾಕುವಾಗ ವಿದ್ಯುತ್ ತಗುಲಿ ಇಬ್ಬರು ಸತ್ತರು. ಅವರಲ್ಲಿ ಒಬ್ಬ ಹನ್ನೆರಡು ವರ್ಷದ ಬಾಲಕ. ಅದೇ ಮಳೆಗೆ ಸಿಲ್ಕ್ ಬೋರ್ಡ್ ಸುತ್ತಲಿನ ಹೊಸೂರು ರಸ್ತೆ ಜಲಾವೃತವಾಗಿ ಸಂಚಾರ ನಿಂತುಹೋಯಿತು.

ಈ ಗಾಯಗಳ ಸ್ವರೂಪವೇ ಬೇರೆ. ಭೂಕಂಪದಲ್ಲಿ ಮೂಳೆ ಮುರಿತ ಮತ್ತು ಅವಶೇಷದಡಿ ನಜ್ಜುಗುಜ್ಜಾದ ಸ್ನಾಯುಗಳು ಹೆಚ್ಚು; ಅಂಥವರನ್ನು ಹೊರತೆಗೆದ ಮೇಲೆ ಮೂತ್ರಪಿಂಡ ವಿಫಲವಾಗುವ ಅಪಾಯವಿರುವುದರಿಂದ ಕಲ್ಲುಮಣ್ಣು ಸರಿಸುವ ಮೊದಲೇ ಸಲೈನ್ ನೀಡಬೇಕಾಗುತ್ತದೆ, ನಂತರ ಡಯಾಲಿಸಿಸ್ ಬೇಕಾಗುತ್ತದೆ. ನಗರದ ನೆರೆಯಲ್ಲಿ ವಿದ್ಯುದಾಘಾತ, ಮುಳುಗುವಿಕೆ, ಗೋಡೆ ಮತ್ತು ಮರದ ಕೊಂಬೆ ಬಿದ್ದ ತಲೆಪೆಟ್ಟು, ತೆರೆದ ಚರಂಡಿಗೆ ಬಿದ್ದ ಮುರಿತ, ಕೊಳಚೆ ನೀರು ತಾಗಿ ಕೀವಾಗುವ ಗಾಯ, ಹಾವು ಕಡಿತ ಇವು ಹೆಚ್ಚು. ಇವರ ಜೊತೆಗೆ, ಗಾಯವೇ ಆಗದಿದ್ದರೂ ಡಯಾಲಿಸಿಸ್‌ಗೆ ತಲುಪಲಾಗದವರು, ಮನೆಯಲ್ಲಿ ಆಮ್ಲಜನಕದ ಯಂತ್ರಕ್ಕೆ ವಿದ್ಯುತ್ ಇಲ್ಲದವರು, ಹೆರಿಗೆ ನೋವಿನ ಗರ್ಭಿಣಿಯರು ಆಸ್ಪತ್ರೆಯತ್ತ ಹೊರಡುತ್ತಾರೆ. ಎಲ್ಲರಿಗೂ ದಾರಿ ಒಂದೇ. ಅದು ನೀರಿನಡಿ ಇರುತ್ತದೆ.

ಪ್ರಾದೇಶಿಕ ದೃಷ್ಟಿಯಿಂದ ನೋಡಿದಾಗ ದಕ್ಷಿಣ ಬೆಂಗಳೂರಿನ ಸಾಮರ್ಥ್ಯ ಸಣ್ಣದೇನಲ್ಲ. ತಲೆ ಮತ್ತು ಬೆನ್ನುಹುರಿಯ ಪೆಟ್ಟಿಗೆ ದೇಶದಲ್ಲಿಯೇ ಹೆಸರಾದ ನಿಮ್ಹಾನ್ಸ್, ಬೈರಸಂದ್ರದ ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆ, ಜಯನಗರದ ಸಾರ್ವಜನಿಕ ಆಸ್ಪತ್ರೆ, ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆ ಎಲ್ಲವೂ ಈ ಭಾಗದಲ್ಲಿಯೇ ಇವೆ. ಕುಮಾರಸ್ವಾಮಿ ಲೇಔಟ್‌ನಲ್ಲಿ ದಯಾನಂದ ಸಾಗರ್ ವಿದ್ಯಾಸಂಸ್ಥೆಗಳ ವಿಶಾಲ ಆವರಣ, ಅಲ್ಲಿಯೇ ಸಾಗರ್ ಆಸ್ಪತ್ರೆ, ಸುತ್ತಲೂ ಹತ್ತಾರು ಸಣ್ಣ ನರ್ಸಿಂಗ್ ಹೋಮ್‌ಗಳಿವೆ. ಹೊರವರ್ತುಲ ರಸ್ತೆ ಬಡಾವಣೆಯ ಮಗ್ಗುಲಲ್ಲಿದೆ. ಕನಕಪುರ ರಸ್ತೆ ಕೂಗಳತೆಯಲ್ಲಿದೆ. 2017ರ ಜೂನ್‌ನಲ್ಲಿ ಯಲಚೇನಹಳ್ಳಿಗೆ ಬಂದ ಮೆಟ್ರೊ ಮಾರ್ಗ 2021ರ ಜನವರಿಯಲ್ಲಿ ರೇಷ್ಮೆ ಸಂಸ್ಥೆಯವರೆಗೆ ಬೆಳೆದಿದೆ.

ಈ ಕನಕಪುರ ರಸ್ತೆಯ ಮಹತ್ವವನ್ನು 2022ರ ಆಗಸ್ಟ್ ಕೊನೆಯ ವಾರ ಸ್ಪಷ್ಟಪಡಿಸಿತು. ರಾಮನಗರದ ಬಳಿ ಕೆರೆಗಳು ಉಕ್ಕಿ ಬೆಂಗಳೂರು–ಮೈಸೂರು ಹೆದ್ದಾರಿ ಜಲಾವೃತವಾದಾಗ ವಾಹನಗಳಿಗೆ ಕುಣಿಗಲ್ ಮತ್ತು ಕನಕಪುರದ ದಾರಿಗಳನ್ನೇ ಸೂಚಿಸಲಾಯಿತು. ಮಂಡ್ಯ, ಮೈಸೂರು, ಚಾಮರಾಜನಗರ, ಕೊಡಗು ಇವುಗಳಿಂದ ಉನ್ನತ ಚಿಕಿತ್ಸೆಗಾಗಿ ರಾಜಧಾನಿಗೆ ಬರುವ ಗಂಭೀರ ಗಾಯಾಳುವಿಗೆ, ಮುಖ್ಯ ಹೆದ್ದಾರಿ ಕಡಿದ ದಿನ, ನಗರದ ಹೆಬ್ಬಾಗಿಲು ಇದೇ. ಆದುದರಿಂದ ಕುಮಾರಸ್ವಾಮಿ ಲೇಔಟ್‌ನ ಸಿದ್ಧತೆ ಆ ಬಡಾವಣೆಯೊಂದರ ಪ್ರಶ್ನೆಯಲ್ಲ. ಅರ್ಧ ದಕ್ಷಿಣ ಕರ್ನಾಟಕದ ಪ್ರಶ್ನೆ.

ಮೊದಲ ಗಂಟೆಯಲ್ಲಿ ನಡೆಯುವುದೇನು?

ಸಾಮೂಹಿಕ ದುರಂತಗಳಲ್ಲಿ ಎಲ್ಲೆಡೆಯೂ ಕಂಡುಬಂದಿರುವ ಒಂದು ಸಂಗತಿಯನ್ನು ಉದ್ಯಮಿಗಳು ತಿಳಿದಿರುವುದು ಒಳ್ಳೆಯದು. ಮೊದಲಿಗೆ ಆಸ್ಪತ್ರೆ ತಲುಪುವವರು ಅತಿ ಗಂಭೀರ ಗಾಯಾಳುಗಳಲ್ಲ, ನಡೆಯಬಲ್ಲವರು. ಅವರು ಆಟೊ, ಬೈಕು, ಪಕ್ಕದ ಮನೆಯ ಕಾರು ಹಿಡಿದು ಹತ್ತಿರದ ಆಸ್ಪತ್ರೆಗೆ ಬಂದು ತುರ್ತು ವಿಭಾಗವನ್ನು ತುಂಬಿಬಿಡುತ್ತಾರೆ. ಅವಶೇಷದಡಿಯಿಂದ ಹೊರತೆಗೆದ ಗಂಭೀರ ಗಾಯಾಳು ಆಂಬುಲೆನ್ಸಿನಲ್ಲಿ ಬರುವ ವೇಳೆಗೆ ಅಲ್ಲಿ ಮಂಚವೂ ಇರುವುದಿಲ್ಲ, ಬಿಡುವಾದ ವೈದ್ಯರೂ ಇರುವುದಿಲ್ಲ. ಇದನ್ನು ತಡೆಯಲೆಂದೇ ಗಾಯಾಳುಗಳನ್ನು ಕೆಂಪು, ಹಳದಿ, ಹಸಿರು, ಕಪ್ಪು ಎಂದು ವಿಂಗಡಿಸುವ ಪದ್ಧತಿ ಇದೆ. ಕೆಂಪು ಪಟ್ಟಿಯವರು ತಕ್ಷಣ ಶಸ್ತ್ರಚಿಕಿತ್ಸೆಗೆ, ಹಳದಿಯವರು ನಿಗಾಕ್ಕೆ, ಹಸಿರಿನವರು ಪ್ರಥಮ ಚಿಕಿತ್ಸೆಗೆ ಹೋಗಬೇಕು. ಹಸಿರಿನವರು ಆಸ್ಪತ್ರೆಯ ಬಾಗಿಲಿಗೇ ಬರದಂತೆ ಬೇರೆ ತಾಣ ಒದಗಿಸಿದರೆ ಅರ್ಧ ಯುದ್ಧ ಗೆದ್ದಂತೆ.

ಆ ತಾಣ ಯಾವುದು? ದಕ್ಷಿಣ ಬೆಂಗಳೂರಿನ ಪ್ರತಿ ಬಡಾವಣೆಯಲ್ಲಿಯೂ ಅದು ಸಿದ್ಧವಾಗಿಯೇ ಇದೆ. ಕಲ್ಯಾಣ ಮಂಟಪಗಳಿಗೆ ಅಗಲವಾದ ಸಭಾಂಗಣ, ಜನರೇಟರ್, ನೀರಿನ ತೊಟ್ಟಿ, ಸಾವಿರ ಜನಕ್ಕೆ ಅಡುಗೆ ಮಾಡುವ ಪಾಕಶಾಲೆ, ವಾಹನ ನಿಲುಗಡೆ ಎಲ್ಲವೂ ಉಂಟು. ಏರಿನ ಮೇಲಿರುವ ಒಂದೆರಡು ಮಂಟಪಗಳ ಮಾಲೀಕರು ಹತ್ತಿರದ ಆಸ್ಪತ್ರೆಯೊಂದಿಗೆ ಮುಂಚಿತವಾಗಿ ಲಿಖಿತ ಒಪ್ಪಂದ ಮಾಡಿಕೊಂಡರೆ, ವಿಕೋಪದ ರಾತ್ರಿ ಅದು ಹಸಿರು ಪಟ್ಟಿಯ ಗಾಯಾಳುಗಳ ಚಿಕಿತ್ಸಾ ಶಿಬಿರವಾಗಬಲ್ಲದು. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಕಾನೂನು ಬೇಡ. ಬೇಕಾದುದು ಒಂದು ಒಪ್ಪಂದಪತ್ರ, ಒಂದು ಬೀರು ತುಂಬ ಬ್ಯಾಂಡೇಜು, ಹಲಗೆ, ಔಷಧಿ ಮತ್ತು ವರ್ಷಕ್ಕೊಮ್ಮೆಯ ಅಭ್ಯಾಸ.

ವಾಣಿಜ್ಯ ಸಮುದಾಯದಿಂದ ಸಾಧ್ಯವಾಗುವ ಕೆಲಸ

ವಿಪತ್ತು ನಿರ್ವಹಣೆ ಸರ್ಕಾರದ ಕರ್ತವ್ಯ ಎಂಬ ವಾದದಲ್ಲಿ ಹುರುಳಿದೆ. 2005ರ ವಿಪತ್ತು ನಿರ್ವಹಣಾ ಕಾಯಿದೆಯು ರಾಷ್ಟ್ರ, ರಾಜ್ಯ ಮತ್ತು ಜಿಲ್ಲಾ ಪ್ರಾಧಿಕಾರಗಳ ಮೇಲೆ ಆ ಹೊಣೆಯನ್ನು ಹೊರಿಸಿದೆ. ಸಾಮೂಹಿಕ ಗಾಯಾಳುಗಳ ನಿರ್ವಹಣೆಗೆಂದೇ ರಾಷ್ಟ್ರೀಯ ಪ್ರಾಧಿಕಾರ 2007ರಲ್ಲಿ ಮಾರ್ಗಸೂಚಿ ಪ್ರಕಟಿಸಿದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಮಳೆಯ ಮುನ್ಸೂಚನೆ ನೀಡುತ್ತದೆ. ಆದರೆ ಮಾರ್ಗಸೂಚಿಯು ಜೆಸಿಬಿ ಓಡಿಸದು. ಮುನ್ಸೂಚನೆಯು ಆಮ್ಲಜನಕದ ಸಿಲಿಂಡರ್ ಹೊತ್ತು ತಾರದು. ಕ್ರೇನು, ಲಾರಿ, ಗ್ಯಾಸ್ ಕಟರ್, ನೀರೆತ್ತುವ ಪಂಪು, ಟಾರ್ಪಾಲು, ವೈದ್ಯಕೀಯ ಅಂಗಡಿಯ ದಾಸ್ತಾನು ಇವೆಲ್ಲ ಇರುವುದು ವರ್ತಕರ ಮತ್ತು ಕೈಗಾರಿಕೋದ್ಯಮಿಗಳ ಬಳಿ. 2021ರ ಮೇ ತಿಂಗಳಲ್ಲಿ ಚಾಮರಾಜನಗರದಲ್ಲಿ ಆಮ್ಲಜನಕದ ಕೊರತೆಯ ನಡುವೆ ಸಂಭವಿಸಿದ ಸಾವುಗಳನ್ನು ರಾಜ್ಯ ಮರೆತಿಲ್ಲ. ಸಿಲಿಂಡರ್ ಎಲ್ಲಿದೆ, ಯಾರ ಬಳಿ ಇದೆ, ಯಾರು ತರಬೇಕು ಎಂಬ ಪಟ್ಟಿ ಮುಂಚಿತವಾಗಿ ಇಲ್ಲದಿದ್ದರೆ ದಾಸ್ತಾನು ಇದ್ದೂ ಇಲ್ಲದಂತಾಗುತ್ತದೆ.

ಈ ಹಿನ್ನೆಲೆಯಲ್ಲಿ ಐದು ಕಾರ್ಯಗಳು ಕೂಡಲೇ ಸಾಧ್ಯ.

ಮೊದಲನೆಯದು ಸಾಧನ ಸೂಚಿ. ಕುಮಾರಸ್ವಾಮಿ ಲೇಔಟ್, ಯಲಚೇನಹಳ್ಳಿ, ಜೆ.ಪಿ. ನಗರ, ಬನಶಂಕರಿ ಭಾಗದ ಪ್ರತಿ ಸಂಸ್ಥೆಯಲ್ಲಿರುವ ಯಂತ್ರ, ವಾಹನ, ಚಾಲಕ, ದಾಸ್ತಾನುಗಳ ಪಟ್ಟಿ ತಯಾರಿಸಿ, ರಾತ್ರಿಯಲ್ಲಿಯೂ ಸಿಗುವ ದೂರವಾಣಿ ಸಂಖ್ಯೆಯೊಂದಿಗೆ ಅಗ್ನಿಶಾಮಕ ಠಾಣೆ, ಪೊಲೀಸ್ ಠಾಣೆ ಮತ್ತು ಆಸ್ಪತ್ರೆಗಳಿಗೆ ನೀಡುವುದು. ವರ್ಷಕ್ಕೆರಡು ಬಾರಿ ಅದನ್ನು ತಿದ್ದುವುದು. ಬಳಸಿದ ಯಂತ್ರಕ್ಕೆ ಡೀಸೆಲ್ ಮತ್ತು ಬಾಡಿಗೆಯನ್ನು ಯಾರು, ಎಷ್ಟು ದಿನದೊಳಗೆ ಕೊಡಬೇಕೆಂಬುದನ್ನೂ ಮೊದಲೇ ನಿಗದಿಪಡಿಸುವುದು. ಉಪಕಾರ ಮಾಡಿದವನು ವರ್ಷಗಟ್ಟಲೆ ಬಿಲ್ಲು ಹಿಡಿದು ಕಚೇರಿ ಅಲೆಯುವಂತಾದರೆ ಮರುಸಲ ಅವನ ದೂರವಾಣಿ ಎತ್ತುವುದಿಲ್ಲ.

ಎರಡನೆಯದು ತರಬೇತಿ. 1948ರ ಕಾರ್ಖಾನೆ ಕಾಯಿದೆಯು 150 ಕಾರ್ಮಿಕರಿಗೊಂದು ಪ್ರಥಮ ಚಿಕಿತ್ಸಾ ಪೆಟ್ಟಿಗೆಯನ್ನೂ 500ಕ್ಕೂ ಹೆಚ್ಚು ಕಾರ್ಮಿಕರಿರುವಲ್ಲಿ ಆಂಬುಲೆನ್ಸ್ ಕೊಠಡಿಯನ್ನೂ ಕಡ್ಡಾಯಗೊಳಿಸಿತ್ತು. 2025ರ ನವೆಂಬರ್ 21ರಿಂದ ಅದರ ಸ್ಥಾನವನ್ನು ವೃತ್ತಿ ಸುರಕ್ಷತಾ ಸಂಹಿತೆ ಪಡೆದಿದೆ. ಆದರೆ ಎಷ್ಟೋ ಕಡೆ ಪೆಟ್ಟಿಗೆಯ ಬೀಗದ ಕೈ ಎಲ್ಲಿದೆಯೆಂದೇ ಯಾರಿಗೂ ತಿಳಿದಿರುವುದಿಲ್ಲ. ಹರಿಯುವ ರಕ್ತವನ್ನು ಒತ್ತಿ ನಿಲ್ಲಿಸುವುದು, ವಿದ್ಯುತ್ ತಗುಲಿದವನನ್ನು ಮುಟ್ಟುವ ಮೊದಲು ಮುಖ್ಯ ಸ್ವಿಚ್ಚು ಆರಿಸುವುದು, ಎದೆ ಒತ್ತಿ ಉಸಿರು ಮರಳಿಸುವುದು, ಬೆನ್ನುಹುರಿಗೆ ಪೆಟ್ಟಾದವನನ್ನು ಹಲಗೆಯ ಮೇಲೆ ಎತ್ತುವುದು ಇವನ್ನು ಒಂದು ದಿನದಲ್ಲಿ ಕಲಿಸಬಹುದು. ಪ್ರತಿ ಅಂಗಡಿಯಿಂದ ಒಬ್ಬ, ಪ್ರತಿ ಕಾರ್ಖಾನೆಯ ಪ್ರತಿ ಪಾಳಿಯಿಂದ ಇಬ್ಬರು ಕಲಿತರೆ ಸಾಕು. ಬಿ.ಟಿ.ಎಂ. ಬಡಾವಣೆಯ ಆ ನೆಲಮಾಳಿಗೆಯಂಥ ಸಾವುಗಳನ್ನು ತಡೆಯುವುದು ದೊಡ್ಡ ಆಸ್ಪತ್ರೆಯಲ್ಲ. ಸ್ಥಳದಲ್ಲಿರುವ ಒಬ್ಬನ ತಿಳಿವಳಿಕೆ.

ಮೂರನೆಯದು ಆಸ್ಪತ್ರೆಗಳ ಸ್ವರಕ್ಷಣೆ. ಜನರೇಟರ್, ಔಷಧಿ ಉಗ್ರಾಣ, ಆಮ್ಲಜನಕದ ಘಟಕ, ರಕ್ತನಿಧಿಯ ಶೀತಲಪೆಟ್ಟಿಗೆ ಇವು ನೆಲಮಾಳಿಗೆಯಲ್ಲಿದ್ದರೆ ಮೇಲಕ್ಕೇರಬೇಕು. ಜಪಾನಿನ ಇಶಿನೊಮಾಕಿ ನಗರದ ರೆಡ್‌ಕ್ರಾಸ್ ಆಸ್ಪತ್ರೆಯನ್ನು 2006ರಲ್ಲಿ ಕಡಲಿನಿಂದ ಒಳನಾಡಿಗೆ ಸ್ಥಳಾಂತರಿಸಿ, ಕಂಪನ ತಡೆಯುವ ಅಡಿಪಾಯದ ಮೇಲೆ ಕಟ್ಟಲಾಗಿತ್ತು. 2011ರ ಮಾರ್ಚ್ 11ರ ಸುನಾಮಿಯಲ್ಲಿ ಆ ನಗರ ನೆಲಸಮವಾದಾಗ, ಕೆಲಸ ಮುಂದುವರಿಸಿದ ಆ ಆಸ್ಪತ್ರೆಯೇ ಸುತ್ತಲಿನವರಿಗೆ ಆಸರೆಯಾಯಿತು. ಜಪಾನು ಈ ವಿವೇಕವನ್ನು ಕಲಿತದ್ದೂ ನೋವಿನಿಂದಲೇ: 1995ರ ಕೋಬೆ ಭೂಕಂಪದಲ್ಲಿ ಸುಮಾರು ಐನೂರು ಸಾವುಗಳನ್ನು ಸಕಾಲಿಕ ಚಿಕಿತ್ಸೆಯಿಂದ ತಡೆಯಬಹುದಿತ್ತೆಂಬ ಅಂದಾಜಿನ ನಂತರ, ನೆಲೆ ಆಸ್ಪತ್ರೆಗಳನ್ನೂ 2005ರಲ್ಲಿ ವಿಪತ್ತು ವೈದ್ಯಕೀಯ ತಂಡಗಳನ್ನೂ ಅಲ್ಲಿ ರೂಪಿಸಲಾಯಿತು. ಅಲ್ಲಿ ಹಣ ಕೊಟ್ಟು ಗಳಿಸಿದ ಎತ್ತರ ಕುಮಾರಸ್ವಾಮಿ ಲೇಔಟ್‌ಗೆ ನಿಸರ್ಗದತ್ತವಾಗಿ ಬಂದಿದೆ. ಬಳಸುವ ಮನಸ್ಸೊಂದೇ ಬೇಕು.

ನಾಲ್ಕನೆಯದು ಹಾಸಿಗೆಗಳ ಸಾಮಾನ್ಯ ಲೆಕ್ಕ. ಖಾಸಗಿ ಆಸ್ಪತ್ರೆಯು ವಿಕೋಪಕ್ಕಾಗಿ ಹಾಸಿಗೆಗಳನ್ನು ಖಾಲಿ ಇಟ್ಟುಕೊಂಡು ಕುಳಿತಿರಲು ಸಾಧ್ಯವಿಲ್ಲ. ಹಾಗೆ ಒತ್ತಾಯಿಸುವುದೂ ವ್ಯವಹಾರಜ್ಞಾನವಲ್ಲ. ಆದರೆ ಮುಂದೂಡಬಹುದಾದ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಿ, ಚೇತರಿಸಿಕೊಂಡವರನ್ನು ಬೇಗ ಮನೆಗೆ ಕಳುಹಿಸಿ, ಕೆಲವು ಗಂಟೆಗಳಲ್ಲಿ ಎಷ್ಟು ಹಾಸಿಗೆ ತೆರವು ಮಾಡಬಹುದೆಂದು ಪ್ರತಿ ಆಸ್ಪತ್ರೆಯೂ ಮೊದಲೇ ಲೆಕ್ಕ ಹಾಕಿ ತಿಳಿಸಬಹುದು. ಕೋವಿಡ್ ಕಾಲದಲ್ಲಿ ಹಾಸಿಗೆ ಹಂಚಿಕೆಯ ಕೇಂದ್ರೀಕೃತ ವ್ಯವಸ್ಥೆಯನ್ನು ಬೆಂಗಳೂರು ಕೆಲವೇ ತಿಂಗಳಲ್ಲಿ ಕಟ್ಟಿತ್ತು. ಅದರ ಲೋಪಗಳಿಂದ ಕಲಿತು ಗಾಯಾಳುಗಳಿಗಾಗಿ ಅಂಥದೊಂದನ್ನು ಉಳಿಸಿಕೊಳ್ಳಬೇಕಿತ್ತು. 2025ರ ಸೆಪ್ಟೆಂಬರ್‌ನಿಂದ ನಗರದಲ್ಲಿ ಐದು ಪಾಲಿಕೆಗಳಾಗಿವೆ. ಗಾಯಾಳುವಿಗೆ ಪಾಲಿಕೆಯ ಗಡಿ ಕಾಣುವುದಿಲ್ಲ. ಐದಕ್ಕೂ ಸೇರಿ ಲೆಕ್ಕ ಒಂದೇ ಇರಬೇಕು.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಪ್ರತಿ ವರ್ಷ ಮುಂಗಾರಿಗೆ ಮುನ್ನ ಮೇ ತಿಂಗಳಿನೊಳಗೆ ಒಂದು ಅಣಕು ಕಾರ್ಯಾಚರಣೆ. ಹೊಸೂರು ರಸ್ತೆ ಮುಚ್ಚಿದೆ, ವಿದ್ಯುತ್ ಇಲ್ಲ, ಮೂವತ್ತು ಗಾಯಾಳುಗಳಿದ್ದಾರೆ ಎಂದು ಭಾವಿಸಿ, ಯಾರು ಯಾರಿಗೆ ಕರೆ ಮಾಡುವರು, ನಿಮ್ಹಾನ್ಸ್‌ಗೆ ಹೋಗಬೇಕಾದ ತಲೆಪೆಟ್ಟಿನವನು ಯಾವ ರಸ್ತೆಯಲ್ಲಿ ಹೋಗುವನು, ಉಳಿದವರು ಎಲ್ಲಿ ನಿಲ್ಲುವರು ಎಂಬುದನ್ನು ನಡೆಸಿ ನೋಡಬೇಕು. ಕಾಗದದ ಮೇಲಿನ ಯೋಜನೆಯ ತಪ್ಪು ಗೊತ್ತಾಗುವುದು ಆಗಲೇ.

ವೆಚ್ಚದ ಪ್ರಶ್ನೆ

ಇದಕ್ಕೆಲ್ಲ ಖರ್ಚಿಲ್ಲವೆಂದು ಹೇಳುವುದು ಪ್ರಾಮಾಣಿಕವಾಗದು. ತರಬೇತಿಯ ದಿನ ಕೆಲಸ ನಿಲ್ಲುತ್ತದೆ. ಜನರೇಟರ್ ಎತ್ತರಿಸಲು ಹಣ ಬೇಕು. ಆದರೆ ಎದುರು ತಟ್ಟೆಯಲ್ಲಿರುವುದನ್ನೂ ತೂಗಬೇಕು. 2022ರ ಆಗಸ್ಟ್ 30ರಂದು ಉದ್ಯೋಗಿಗಳು ಐದು ಗಂಟೆ ರಸ್ತೆಯಲ್ಲಿ ಸಿಲುಕಿದ್ದರಿಂದಲೇ ರೂ. 225 ಕೋಟಿ ನಷ್ಟವಾಯಿತೆಂದು ಹೊರವರ್ತುಲ ರಸ್ತೆ ಕಂಪನಿಗಳ ಸಂಘ ಅಂದಾಜು ಮಾಡಿತ್ತು. ಅದು ಕೇವಲ ಕಾಲಹರಣದ ಲೆಕ್ಕ. ಹನ್ನೆರಡು ಜನರ ಸಣ್ಣ ಕಾರ್ಖಾನೆಯಲ್ಲಿ ಲೇತ್ ನಡೆಸುವ ನುರಿತ ಕೆಲಸಗಾರನೊಬ್ಬ ಸಕಾಲದಲ್ಲಿ ಚಿಕಿತ್ಸೆ ಸಿಗದೆ ಕೈ ಕಳೆದುಕೊಂಡರೆ ಮಾಲೀಕನಿಗಾಗುವ ನಷ್ಟ ಯಾವ ಲೆಕ್ಕಪುಸ್ತಕದಲ್ಲಿಯೂ ಪೂರ್ತಿಯಾಗಿ ಬರುವುದಿಲ್ಲ. ಆ ಕುಟುಂಬಕ್ಕಾಗುವುದಂತೂ ಯಾವ ಪುಸ್ತಕಕ್ಕೂ ದಕ್ಕದು. ತಿಂಗಳಿಗೆ ರೂ. 21,000ದವರೆಗೆ ವೇತನ ಪಡೆಯುವ ನೌಕರರನ್ನು ಇ.ಎಸ್.ಐ.ಗೆ ನೋಂದಾಯಿಸಿ ವಂತಿಗೆಯನ್ನು ಸಕಾಲದಲ್ಲಿ ಕಟ್ಟುವುದೂ ವಿಪತ್ತು ಸಿದ್ಧತೆಯ ಭಾಗವೇ ಎಂಬುದನ್ನು ಇಲ್ಲಿ ನೆನೆಯಬೇಕು.

ಗಾಯ ಮಾಗಿದ ಮೇಲಿನ ಕಾಲವೂ ಒಂದಿದೆ. ಗುಜರಾತ್ ಭೂಕಂಪ ಮತ್ತು 2004ರ ಸುನಾಮಿಯ ನಂತರ ಸಂತ್ರಸ್ತರ ಮನೋಸಾಮಾಜಿಕ ಆರೈಕೆಯಲ್ಲಿ ದುಡಿದ ನಿಮ್ಹಾನ್ಸ್‌ನ ಅನುಭವ ಈ ನಗರದಲ್ಲಿಯೇ ಲಭ್ಯವಿದೆ. ಕೆಲಸಕ್ಕೆ ಮರಳುವುದೇ ಅನೇಕರಿಗೆ ಅತ್ಯುತ್ತಮ ಔಷಧ. ಮೊದಲಿನ ಕೆಲಸ ಮಾಡಲಾಗದವನಿಗೆ ಮಾಡಬಲ್ಲ ಕೆಲಸ ಕೊಡುವುದು ಮಾಲೀಕನೊಬ್ಬನೇ ಮಾಡಬಹುದಾದ ಚಿಕಿತ್ಸೆ.

ಹುಳಿಮಾವಿನ ಆ ಭಾನುವಾರ ಆಸ್ಪತ್ರೆಯ ರೋಗಿಗಳನ್ನು ಸಾಗಿಸಲು ಕೈಗಳು ಮುಂದೆ ಬಂದವು. ಮನುಷ್ಯತ್ವವೇ ಅವರನ್ನು ನಡೆಸಿತು. ಮನುಷ್ಯತ್ವಕ್ಕೆ ಈ ನಾಡಿನಲ್ಲಿ ಎಂದೂ ಬರವಿಲ್ಲ. ಅದರ ಕೈಗೆ ಒಂದು ಹಲಗೆ, ಒಂದು ದೂರವಾಣಿ ಸಂಖ್ಯೆ, ತೆರೆದಿರುವ ಒಂದು ರಸ್ತೆಯ ಹೆಸರು ಕೊಡುವುದಷ್ಟೇ ಉಳಿದ ಕೆಲಸ. ಮುಂದಿನ ಮುಂಗಾರಿಗೆ ಮುನ್ನ ಕುಮಾರಸ್ವಾಮಿ ಲೇಔಟ್‌ನ ವರ್ತಕರು, ಆಸ್ಪತ್ರೆಗಳು ಮತ್ತು ಮಂಟಪಗಳ ಮಾಲೀಕರು ಒಂದು ಸಂಜೆ ಒಂದೇ ಮೇಜಿನ ಸುತ್ತ ಕುಳಿತರೆ ಆ ಕೆಲಸ ಆರಂಭವಾಗುತ್ತದೆ.